ಸಪ್ಪಳ ಹೊರಗೆ ಹೋಗದ ಕೋಣೆ

ಹಾನಗಲ್ಲಿನ ನನ್ನ ಮನೆಯ ಹಿಂದಿನ ಕೋಣೆಗೆ ಎರಡು ಕಿಡಕಿ ಇದ್ದವು. 2023ರ ಬೇಸಿಗೆಯಲ್ಲಿ ಎರಡನ್ನೂ ಇಟ್ಟಿಗೆ ಇಟ್ಟು ಮುಚ್ಚಿಸಿದೆ. ಗೌಂಡಿ ಕರಣಿ ಕೆಳಗಿಟ್ಟು ಕೇಳಿದ: "ಮಾಸ್ತರ, ಮಂದಿ ಗಾಳಿ ಬೆಳಕು ಬರ್ಲಿ ಅಂತ ಗ್ವಾಡಿ ಒಡಿಸಿ ಕಿಡಕಿ ಇಡಸ್ತಾರ. ನೀವು ಇದ್ದ ಕಿಡಕಿ ಮುಚ್ಚಸಾಕ ಹತ್ತೀರಲ್ಲ?" ಪುಸ್ತಕ ಇಡಾಕ ಬೇಕಪ, ಧೂಳು ಬರ್ತೈತಿ ಅಂದೆ. ಸುಳ್ಳು. ಮೂವತ್ತು ವರ್ಷ ಹರಿಶ್ಚಂದ್ರನ ಪಾಠ ಮಾಡಿದ ಬಾಯಿಂದಲೇ ಬಂದ ಸುಳ್ಳು. ಆ ಕೋಣೆ ಬೇಕಾಗಿದ್ದು ಪುಸ್ತಕಕ್ಕಲ್ಲ, ಹಲಗಿಗೆ. ಒಳಗೆ ಹಲಗಿ ಬಾರಿಸಿದರೆ ಪಕ್ಕದ ಮನೆಗೆ ಕೇಳಿಸಬಾರದು, ಅಷ್ಟೇ ನನ್ನ ಆಸೆ.

ಹಲಗಿ ಮನೆಗೆ ತಂದವಳು ಮಗಳು. ಅವಳು ಗೆಳತಿಯರ ಜೊತೆ ಶಿಗ್ಗಾವಿ ತಾಲೂಕಿನ ಗೊಟಗೋಡಿಗೆ ಹೋಗಿದ್ದಳು. ಅಲ್ಲಿ 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿಯ ಅಂಗಳದಲ್ಲಿ ಯಾರೋ ಹುಡುಗರು ಹಲಗಿ ಬಾರಿಸಿದ್ದನ್ನು ನೋಡಿ ಬಂದಳು. "ಅಪ್ಪಾ, ಜೀನ್ಸ್ ಪ್ಯಾಂಟ್ ಹಾಕ್ಕೊಂಡ ಹುಡುಗ್ರು ಬಡದ್ರು. ಮಂದಿ ಚಪ್ಪಾಳಿ ಹೊಡದ್ರು. ನಮ್ಮ ಮುತ್ಯಾ ಬಡೀತಿದ್ದ ಅಂತೀಯಲ್ಲ, ನಮ್ಮನ್ಯಾಗ ಯಾಕ ಒಂದೂ ಇಲ್ಲ?" ಅಂತ ಕೇಳಿದಳು. ಒಂದು ಇತ್ತು. ಹಿರೇಕೆರೂರು ತಾಲೂಕಿನ ನಮ್ಮ ಊರಲ್ಲಿ, ಮಾದರ ಓಣಿಯ ಹಳೇ ಮನೆಯ ಜಂತಿಗೆ ಗೋಣಿಚೀಲ ಸುತ್ತಿ ಕಟ್ಟಿದ್ದು, ನಲವತ್ತು ವರ್ಷದಿಂದ ಬಿಚ್ಚಿರಲಿಲ್ಲ. ಮಗಳು ಹೋಗಿ ಬಿಚ್ಚಿದಳು. ಚರ್ಮವನ್ನು ಹುಳ ತಿಂದು ಜರಡಿ ಮಾಡಿತ್ತು, ಕಟ್ಟಿಗೆಯ ಬಳೆ ಮಾತ್ರ ಗಟ್ಟಿ ಇತ್ತು. ಅದಕ್ಕೆ ಆಡಿನ ಹೊಸ ಚರ್ಮ ಬಿಗಿಸಿಕೊಂಡು ಬಂದಳು.

ಒಂದು ವಾರ ದಿನಾ ಸಂಜೆ ಬಾರಿಸಿದಳು. ಎಂಟನೆಯ ದಿನ ಪಕ್ಕದ ಮನೆಯವರು ಬಂದರು. ಒಳ್ಳೆಯ ಮನುಷ್ಯ, ಜಗಳಗಂಟ ಅಲ್ಲ. ಚಹಾ ಬೇಡವೆಂದರು (ಅವರು ನಮ್ಮಲ್ಲಿ ಯಾವತ್ತೂ ಚಹಾ ಬೇಡವೆನ್ನುತ್ತಾರೆ, ಶುಗರ್ ಅಂತೆ). ಮೆಲ್ಲಗೆ ಹೇಳಿದರು: "ಸರ, ತಪ್ಪು ತಿಳಕೋಬ್ಯಾಡ್ರಿ. ಸಂಜಿ ದೀಪಾ ಹಚ್ಚೋ ಹೊತ್ತಿನ್ಯಾಗ ಹಲಗಿ ಸಪ್ಪಳ ಕೇಳಿದ್ರ ಯಾರದೋ ಹೆಣಾ ಎತ್ತಿದಂಗ ಆಕ್ಕೇತಿ. ನಮ್ಮವ್ವಗ ವಯಸ್ಸಾಗೇತಿ, ಅಂಜತಾಳ. ಪಾಪ, ಕೂಸಿಗೆ ತಬಲಾನೋ ವೀಣಾನೋ ಕಲಸ್ರಲ್ಲ." ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮದು ಮೂಲ ಯಾವೂರಂದ್ರಿ?" ಅಂದರು. ಮೂಲ ಊರು ಯಾವುದೆಂದು ಅವರಿಗೆ ಗೊತ್ತಿತ್ತು. ಅವರು ಕೇಳಿದ್ದು ಊರನ್ನಲ್ಲ.

ಆಗ ನಾನು ಏನು ಹೇಳಬೇಕಿತ್ತು ಎಂಬುದು ಈ ಪತ್ರಿಕೆ ಓದುವ ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಭಾಷಣದಲ್ಲಿ ಎಷ್ಟು ಸಲ ಹೇಳಿಲ್ಲ! ಆದರೆ ಬಾಯಿಗೆ ಬಂದದ್ದು, "ಏನರ ವ್ಯವಸ್ಥಾ ಮಾಡ್ತೀನ್ರಿ ಸರ" ಎಂಬ ಮಾತು. ಬಾಡಿಗೆ ಮನೆ ಹುಡುಕಿ ಅಲೆದ ದಿನಗಳಲ್ಲಿ, ಹೆಸರು ಕೇಳಿ, ಊರು ಕೇಳಿ, ಓಣಿ ಕೇಳಿ, ಕೊನೆಗೆ "ಮನಿ ನಿನ್ನೇನ ಕೊಟ್ಟಾಗೇತ್ರಿ" ಎಂದು ಬಾಗಿಲು ಹಾಕಿಸಿಕೊಂಡವನು ನಾನು. ಬ್ಯಾಂಕಿನ ಸಾಲ ಮಾಡಿ ಲೇಔಟಿನಲ್ಲಿ ಸ್ವಂತ ಮನೆ ಕಟ್ಟಿದ ಮೇಲೆ ಆ ಪ್ರಶ್ನೆಗಳು ಮುಗಿದವು ಅಂದುಕೊಂಡಿದ್ದೆ. ಗೇಟಿನ ಮೇಲೆ ಹೆಸರು ಬರೆಸಿದ್ದೆ, ಅಡ್ಡಹೆಸರು ಬಿಟ್ಟಿದ್ದೆ. ಹದಿನೈದು ವರ್ಷ ನಾನು ಬಾಯಿ ಬಿಟ್ಟು ಹೇಳದ್ದನ್ನು ಹಲಗಿ ಒಂದೇ ವಾರದಲ್ಲಿ ಇಡೀ ಲೇಔಟಿಗೆ ಡಂಗುರ ಸಾರಿತ್ತು.

ಹಲಗಿಯ ಕೆಲಸವೇ ಅದು, ಸಾರುವುದು. ನಮ್ಮ ಊರಲ್ಲಿ ಸಂತೆ ದಿನ ಬದಲಾದರೆ, ಕಂದಾಯ ವಸೂಲಿಗೆ ಬಂದರೆ, ದನ ಕಳೆದರೆ ಹಲಗಿ ಬಡಿದು ಸಾರಬೇಕಾದವನು ಅಪ್ಪ. ಯಾರ ಮನೆಯಲ್ಲಿ ಹೆಣ ಬಿದ್ದರೂ ಮೊದಲ ಕರೆ ಅಪ್ಪನಿಗೆ. ಮಳೆಗಾಲದಲ್ಲಿ ಚರ್ಮ ಥಂಡಿ ಹಿಡಿದು ಹಸೀ ರೊಟ್ಟಿಯಂತಾಗುತ್ತದೆ, ಬಡಿದರೆ 'ದಬ್' ಅನ್ನುತ್ತದೆಯೇ ಹೊರತು ದನಿ ಏಳುವುದಿಲ್ಲ. ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಬೇಕು. ಒಳಗಿನ ಪಸೆ ಆರಿ ಚರ್ಮ ಬಿಗಿದಂತೆ ದನಿ ಮೇಲೇರುತ್ತದೆ. ಕಾಯಿಸುತ್ತಲೇ ಬೆರಳಿಂದ ತಟ್ಟಿ ತಟ್ಟಿ ನೋಡಬೇಕು, ಹೆಚ್ಚಾದರೆ ಹರಿಯುತ್ತದೆ. ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ. ಒಂದು ನೆಲವನ್ನು ನಡುಗಿಸುತ್ತದೆ, ಇನ್ನೊಂದು ಕಿವಿಗೆ ಸೂಜಿ ಚುಚ್ಚುತ್ತದೆ.

ಇದಕ್ಕೆ ಕೊಡುತ್ತಿದ್ದುದು ಸುಗ್ಗಿಯಲ್ಲಿ ಆಯದ ಕಾಳು. ಮೊರದಿಂದ ಸುರಿಯುತ್ತಿದ್ದರು, ಮೇಲಿನಿಂದ, ಅಪ್ಪ ಒಡ್ಡಿದ ಕಂಬಳಿಗೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತ್ತು. ಗೌಡಕಿ ಹೋಯಿತು, ಕುಲಕರ್ಣಿಕಿ ಹೋಯಿತು. ಹಲಗಿ ಮಾತ್ರ ಹೋಗಲಿಲ್ಲ, ಯಾಕೆಂದರೆ ಅದು ಯಾವ ಕಾಗದದಲ್ಲೂ ಇರಲೇ ಇಲ್ಲ. ಇನ್ನೊಂದು ನಿಯಮವೂ ಕಾಗದದಲ್ಲಿ ಇರಲಿಲ್ಲ: ಊರ ಮದುವೆಗೆ ಊರೊಳಗೆ ಬಡಿಯುವ ಹಲಗಿ, ನಮ್ಮ ಓಣಿಯ ಮದುವೆಗೆ ಅಗಸಿ ದಾಟುವಂತಿರಲಿಲ್ಲ. ಅವರು ಬೇಕೆಂದಾಗ ನಾವು ಸುಮ್ಮನಿರುವಂತಿಲ್ಲ, ನಮಗೆ ಬೇಕೆಂದಾಗ ಸಪ್ಪಳ ಮಾಡುವಂತಿಲ್ಲ.

ಅಪ್ಪ ಹಲಗಿ ಬಿಟ್ಟದ್ದು 1983ರ ಸುಮಾರಿಗೆ. ನನ್ನ ಅಜ್ಜಿ ಸತ್ತ ದಿನವೇ ಊರಿನ ದೊಡ್ಡ ಮನೆಯಲ್ಲೂ ಸಾವಾಯಿತು. ಕರೆ ಬಂತು. ಹೆತ್ತವ್ವನ ಹೆಣ ಹೊರಸಿನ ಮೇಲೆ ಬಿಟ್ಟು, ಅಪ್ಪ ಅವರ ಹೆಣದ ಮುಂದೆ ಸ್ಮಶಾನದ ತನಕ ಬಾರಿಸಿ ಬಂದ. ನಮ್ಮ ಅಜ್ಜಿಯನ್ನು ಮಣ್ಣು ಮಾಡುವಾಗ ಹಲಗಿ ಬಾರಿಸಲು ಯಾರಿಗೂ ಕೈ ಏಳಲಿಲ್ಲ. ಆ ರಾತ್ರಿಯೇ ಅಪ್ಪ ಅದಕ್ಕೆ ಗೋಣಿಚೀಲ ಸುತ್ತಿದ. ಮುಂದಿನ ಕರೆಗೆ ಹೋಗಲಿಲ್ಲ. ಆಯ ನಿಂತಿತು, ಗಿರಣಿಯಲ್ಲಿ ನಮ್ಮ ಜೋಳ ಬೀಸಲಿಲ್ಲ, ನಾಲ್ಕು ತಿಂಗಳು ಹೊಲದ ಕೂಲಿ ಸಿಗಲಿಲ್ಲ. ದಲಿತ ಸಂಘರ್ಷ ಸಮಿತಿಯ ಹುಡುಗರು ಬಂದು ನಮ್ಮ ಓಣಿಯಲ್ಲಿ ಕೂತರು. ವಿಚಿತ್ರ ನೋಡಿ, ಆ ಹುಡುಗರ ಕೈಯಲ್ಲೂ ಹಲಗಿ ಇತ್ತು, ಕ್ರಾಂತಿಗೀತೆಗೆ ಬಾರಿಸುತ್ತಿದ್ದರು. ಬಿಡುವುದು ಹೋರಾಟವೋ, ಹಿಡಿಯುವುದು ಹೋರಾಟವೋ ಎಂದು ಹದಿನೈದರ ನನಗೆ ಗೊಂದಲ. ಅಪ್ಪ ಮಾತ್ರ, "ಅವರು ತಮಗ ಬೇಕಂತ ಬಡಿತಾರ, ನಾ ಕರದ್ರಂತ ಬಡೀತಿದ್ದೆ" ಅಂದು ಬೀಡಿ ಹಚ್ಚಿದ. ಆ ವಿಷಯದಲ್ಲಿ ಅವನು ಮತ್ತೆ ಮಾತಾಡಿದ್ದು ನೆನಪಿಲ್ಲ.

ಅದೇ ಅಪ್ಪನ ಮೊಮ್ಮಗಳ ಹಲಗಿಗೆ ನಾನು ಕೋಣೆ ಕಟ್ಟಲು ಹೊರಟದ್ದು. ಕರೆದರೆ ಬಡಿಯುವುದನ್ನು ಅವನು ಬಿಟ್ಟ. ಬೇಡವೆಂದರೆ ಮುಚ್ಚುವುದನ್ನು ನಾನು ಕಲಿತೆ.

ಕಲಿಯಲು ತಪ್ಪಿನಿಂದಲೇ ಶುರು ಮಾಡಬೇಕಾಯಿತು. ಯಾರೋ ಹೇಳಿದರೆಂದು ತತ್ತಿಯ ಟ್ರೇ ಅರವತ್ತು ತಂದು ಗೋಡೆಗೆ ಅಂಟಿಸಿದೆ. ಕೋಣೆ ಕೋಳಿಫಾರ್ಮಿನಂತೆ ಕಂಡಿತೇ ವಿನಾ ಹೊರಗೆ ಸಪ್ಪಳ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗೆಳೆಯ ಬಂದು ನೋಡಿ ನಕ್ಕ. ಅವನಿಂದ ತಿಳಿದದ್ದನ್ನು ಬರೆಯುತ್ತೇನೆ, ಹಳ್ಳಿಯ ಮಾಸ್ತರರಿಗೆ ಪಾಠಕ್ಕಾದರೂ ಬಂದೀತು. ಕೋಣೆಯೊಳಗಿನ ಮಾರ್ದನಿ ತಗ್ಗಿಸುವುದು ಬೇರೆ, ಸಪ್ಪಳ ಹೊರಗೆ ಹೋಗದಂತೆ ತಡೆಯುವುದು ಬೇರೆ. ಮೆತ್ತಗಿನ ವಸ್ತು ಮೊದಲನೆಯದನ್ನು ಮಾಡುತ್ತದೆ, ಎರಡನೆಯದನ್ನು ಮಾಡುವುದು ಭಾರ. ಸಪ್ಪಳ ಗೋಡೆಯನ್ನು ನಡುಗಿಸಿ ಆಚೆಗೆ ದಾಟುತ್ತದೆ. ಭಾರವಾದ ಗೋಡೆ ಸುಲಭಕ್ಕೆ ನಡುಗುವುದಿಲ್ಲ. ಎರಡೂ ಬದಿ ಪ್ಲಾಸ್ಟರ್ ಆದ 9 ಅಂಗುಲದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ತಡೆಯುತ್ತದೆ. ಗೋಡೆಯ ಭಾರ ಎರಡು ಪಟ್ಟು ಮಾಡಿದರೂ ಮತ್ತೆ ಸಿಗುವುದು ಐದಾರು ಡೆಸಿಬಲ್ ಮಾತ್ರ.

ಗೆಳೆಯ ತನ್ನ ಫೋನಿನಲ್ಲಿ ಅಳೆದ. ಕೋಣೆಯೊಳಗೆ ಹಲಗಿ ನೂರರ ಸುಮಾರು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ನೂರರಲ್ಲಿ ಗೋಡೆಯ ಐವತ್ತು ಕಳೆದರೆ ಐವತ್ತು, ಹಗಲು ಹೊತ್ತಿನಲ್ಲಿ ನಾವು ಪಾಸು. "ಆದ್ರ ನಿನ್ನ ಬಾಗಲಾ ನೋಡು" ಅಂದ. ಸಾದಾ ಕಟ್ಟಿಗೆ ಬಾಗಿಲು ತಡೆಯುವುದು ಇಪ್ಪತ್ತು, ಇಪ್ಪತ್ತೈದು. ಗೋಡೆಯಲ್ಲಿ ನೂರಕ್ಕೆ ಒಂದು ಪಾಲು ಸಂದಿ ಬಿಟ್ಟರೂ ಸಾಕು, ಗೋಡೆ ಎಂಥಾದ್ದೇ ಇರಲಿ, ಒಟ್ಟು 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ನೀರು ಹೇಗೆ ತೂತಿನಲ್ಲಿ ಹೋಗುತ್ತದೋ ಸಪ್ಪಳವೂ ಹಾಗೆಯೇ ಹೋಗುತ್ತದೆ.

ಅಂತೂ ಕಿಡಕಿ ಮುಚ್ಚಿಸಿದೆ. ಬಡಿಗ್ಯಾರನಿಗೆ ಹೇಳಿ ಎರಡು ಹಲಗೆಗಳ ನಡುವೆ ಉಸುಕು ತುಂಬಿದ ಬಾಗಿಲು ಮಾಡಿಸಿದೆ, ಎತ್ತಲು ನಾಲ್ಕು ಆಳು ಬೇಕಾದರು. ಅದರ ಹಿಂದೆ ಒಂದು ಗೇಣು ಜಾಗ ಬಿಟ್ಟು ಇನ್ನೊಂದು ಬಾಗಿಲು. ಅಂಚಿಗೆಲ್ಲ ರಬ್ಬರು. ಸ್ವಿಚ್ ಬೋರ್ಡಿನ ತೂತಿಗೂ ಸಿಮೆಂಟು. ಗಾಳಿ ಬೇಕಲ್ಲ, ಅದಕ್ಕೆ ಹಾವಿನಂತೆ ಸುತ್ತಿ ಬರುವ ಕಟ್ಟಿಗೆಯ ಪೆಟ್ಟಿಗೆ, ಒಳಮೈಗೆ ಅರಳೆ. ಗಾಳಿ ಬಳಸಿಕೊಂಡು ಬರುತ್ತದೆ, ಸಪ್ಪಳ ತಿರುವು ತಿರುವಿನಲ್ಲಿ ಅರಳೆಯೊಳಗೆ ಸಾಯುತ್ತದೆ.

ಅಂಗಡಿಯವನೊಬ್ಬ ಗೋಡೆಗೆ ಸೀಸದ ಹಾಳೆ ಹೊಡೆಸಿರಿ ಅಂದ. ತೆಳ್ಳಗಿದ್ದರೂ ಭಾರ, ಅದಕ್ಕೇ ಸಪ್ಪಳ ತಡೆಯಲು ಬಳಸುತ್ತಾರಂತೆ. ಸೀಸ ಅಂದೊಡನೆ ನನಗೆ ನಗು ಬಂತು, ಅವನಿಗೆ ಅರ್ಥವಾಗಲಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ತವರ, ಅರಗು ಕಾಯಿಸಿ ಹೊಯ್ಯಿರಿ ಎಂದು ಗೌತಮ ಧರ್ಮಸೂತ್ರ ಹೇಳುತ್ತದೆ. ನಮ್ಮ ಅಧ್ಯಯನ ಶಿಬಿರಗಳಲ್ಲಿ ಅದನ್ನು 'ಕಾದ ಸೀಸ' ಎಂದೇ ಹೇಳುತ್ತಿದ್ದರು. ಅವರ ಸಪ್ಪಳ ನಮ್ಮ ಕಿವಿಗೆ ಬೀಳಬಾರದೆಂದು ನಮ್ಮ ಕಿವಿಗೆ ಸೀಸ, ನಮ್ಮ ಸಪ್ಪಳ ಅವರ ಕಿವಿಗೆ ಬೀಳಬಾರದೆಂದು ನಮ್ಮ ಗೋಡೆಗೆ ಸೀಸ. ಎರಡಕ್ಕೂ ಖರ್ಚು ನಮ್ಮದೇ. ಸೀಸ ಬೇಡವೆಂದೆ.

ಅರಳೆಗೆ ಸವಣೂರಿಗೆ ಹೋದೆ. ಗಾದಿ ಹೊಲಿಯುವ ನದಾಫ ಅಣ್ಣ ಒಬ್ಬರು ಪರಿಚಯ. ಹಳೇ ಗಾದಿಗಳ ಅರಳೆ ಹಿಂಜಿ ಗೋಣಿಚೀಲದಲ್ಲಿ ತುಂಬಿ ದಾರ ಹೊಡೆದು ಕೊಟ್ಟರು. ಇದು ಸಪ್ಪಳ ತಡೆಯಲು ಅಲ್ಲ, ಒಳಗೆ ಬಾರಿಸುವವಳ ಕಿವಿ ಉಳಿಸಲು. ಬರಿಗೋಡೆಯ ಸಣ್ಣ ಕೋಣೆಯಲ್ಲಿ ಹಲಗಿಯ ಸಪ್ಪಳ ಗೋಡೆಯಿಂದ ಗೋಡೆಗೆ ಪುಟಿದು ತಲೆ ಸಿಡಿಸುತ್ತದೆ. "ಯಾಕ್ರೀ ಮಾಸ್ತರ, ಗ್ವಾಡಿಗೆ ಗಾದಿ ಹಾಸ್ತೀರಿ?" ಅಂದರು. ಅವರಿಗೆ ಮಾತ್ರ ನಿಜ ಹೇಳಿದೆ. ಅವರು ಹಿಂಜುವುದನ್ನು ನಿಲ್ಲಿಸಿ, "ಬಡೀರಿ ಬಿಡ್ರಿ, ಯಾರ ಏನ ಮಾಡ್ತಾರ" ಅಂದರು. ಆಮೇಲೆ ತಾವೇ, "ಹೇಳೂದು ಸಸಾರ ಐತಿ" ಅಂತಲೂ ಅಂದರು.

ಸವಣೂರು ಎಂದರೆ ನವಾಬರು, ದೊಡ್ಡಹುಣಸೆ ಮರ, ವೀಳ್ಯದೆಲೆ, ಖಾರ ಅಂತ ಶಾಲೆಯ ಮಕ್ಕಳಿಗೆ ಹೇಳುತ್ತೇವೆ. ನನಗೆ ಆ ಊರಿನ ಹೆಸರು ಕೇಳಿದರೆ ನೆನಪಾಗುವುದು 2010ರ ಜುಲೈ. ತಾವಿದ್ದ ಜಾಗದಿಂದ ಎಬ್ಬಿಸುವುದರ ವಿರುದ್ಧ ಅಲ್ಲಿಯ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡರು. ಮಲ ಹೊರಿಸುವುದನ್ನು ನಿಷೇಧಿಸುವ ಕಾಯಿದೆ 1993ರಲ್ಲೇ ಬಂದಿತ್ತು. ಅವರು ಮೊದಲು ಬಾಯಿಯಿಂದ ಹೇಳಿರಲಿಲ್ಲವೆ? ಹೇಳಿದ್ದರು, ಯಾರಿಗೂ ಕೇಳಿಸಿರಲಿಲ್ಲ. ಆ ದಿನ ಇಡೀ ನಾಡಿಗೆ ಕೇಳಿಸಿತು. ನಾನು ನಲವತ್ತು ಸಾವಿರ ರೂಪಾಯಿ ಸುರಿದು ಒಂದು ಕೋಣೆಯ ಸಪ್ಪಳ ಮುಚ್ಚಲು ಒದ್ದಾಡಿದೆ. ಸರ್ಕಾರಿ ಕಚೇರಿಗಳ ಗೋಡೆಗೆ ಯಾವ ಅರಳೆ ತುಂಬಿರುತ್ತಾರೋ, ಕಿಡಕಿ ತೆರೆದಿದ್ದರೂ ಒಳಗೆ ಏನೂ ಕೇಳಿಸುವುದಿಲ್ಲ.

ಹಾಗೆ ನೋಡಿದರೆ ಬೆಳಕಿನ ವಿಷಯದಲ್ಲಿ ನಮ್ಮ ತಾಲೂಕಿನವನೇ ಪ್ರಶ್ನೆ ಕೇಳಿ ಹೋಗಿದ್ದಾನೆ. ಅಬಲೂರಿನ ಸರ್ವಜ್ಞ ಜಾತಿಹೀನನ ಮನೆಯ ದೀಪದ ಬಗ್ಗೆ ಕೇಳಿದ್ದು ನಿಮಗೆಲ್ಲ ಬಾಯಿಪಾಠ. ಅವನು ಸಪ್ಪಳದ ಬಗ್ಗೆಯೂ ಒಂದು ಕೇಳಿದ್ದರೆ ಚೆನ್ನಾಗಿತ್ತು.

ಕೋಣೆ ಮುಗಿದ ಮೇಲೆ ಅಪ್ಪನನ್ನು ಊರಿಂದ ಕರೆತಂದೆ. ಅವನಿಗೆ ಈಗ ಎಂಬತ್ತು ದಾಟಿದೆ, ಕಿವಿ ಹೆಚ್ಚುಕಡಿಮೆ ಕೇಳುವುದಿಲ್ಲ. ಹಲಗಿಯದೇ ಫಲ. ದೊಡ್ಡ ಸಪ್ಪಳ ವರ್ಷಗಟ್ಟಲೆ ಬಿದ್ದರೆ ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಸಣ್ಣ ದನಿಗಳು ಮೊದಲು ಹೋಗುತ್ತವೆ. ಅಪ್ಪನಿಗೂ ಮೊದಲು ಹೋದದ್ದು ಮಕ್ಕಳ ದನಿ. ಕಾರ್ಖಾನೆಯಲ್ಲಿ 90 ಡೆಸಿಬಲ್ ಸಪ್ಪಳದಲ್ಲಿ ಎಂಟು ತಾಸಿಗಿಂತ ಹೆಚ್ಚು ಇರಿಸಬಾರದೆಂಬ ನಿಯಮವಿದೆ. ಹೆಣದ ಮುಂದೆ ದಿನವಿಡೀ ಬಡಿದವನು ಯಾವ ಕಾರ್ಖಾನೆಯ ನೌಕರ?

ಮಗಳು ಒಳಗೆ ಹೋಗಿ ಎರಡೂ ಬಾಗಿಲು ಹಾಕಿಕೊಂಡು ಬಾರಿಸಿದಳು. ನಾವು ಪಡಸಾಲೆಯಲ್ಲಿ ನಿಂತೆವು. ಸಣ್ಣ ಕಡ್ಡಿಯ ಸಪ್ಪಳ ಪೂರ್ತಿ ಹೋಗಿತ್ತು. ದಪ್ಪ ಕೋಲಿನದು ಮಾತ್ರ ದೂರದಲ್ಲಿ ಯಾರೋ ಅಕ್ಕಿ ಕುಟ್ಟಿದಂತೆ ಧುಮುಧುಮು. ತಗ್ಗಿನ ದನಿಯನ್ನು ಕಟ್ಟಿಹಾಕುವುದು ಕಷ್ಟ, ಅದು ಗೋಡೆಯನ್ನೇ ಹಿಡಿದುಕೊಂಡು ನಡೆಯುತ್ತದೆ. ನನಗೆ ಖುಷಿಯಾಯಿತು, ಹಣ ವಸೂಲಾಯಿತು ಅಂತ. ಅಪ್ಪ ಗೋಡೆಗೆ ಅಂಗೈ ಇಟ್ಟು ನಿಂತಿದ್ದ. ಸ್ವಲ್ಪ ಹೊತ್ತಿಗೆ, "ಪೆಟ್ಟು ತಪ್ಪಾಕ ಹತ್ತ್ಯಾಳ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಬಾಗಲಾ ಯಾಕ ಹಾಕೀರಿ?" ಅಂದ. ಅವನಿಗೆ ಕೇಳುವಂತೆ ಹೇಳಬೇಕಾದರೆ ಕೂಗಿ ಹೇಳಬೇಕು. ಕೂಗಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಸುಮ್ಮನಾದೆ.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಹಾನಗಲ್ಲು ಮಲೆನಾಡಿನ ಸೆರಗು, ಮಳೆ ಹಿಡಿದರೆ ಬಿಡುವುದಿಲ್ಲ. ಚರ್ಮ ಥಂಡಿಯಾಗಿ ದನಿ ಬಿತ್ತು. ಕಾಯಿಸಬೇಕು. ಗೋಡೆ ತುಂಬ ಅರಳೆ ಇರುವ ಕೋಣೆಯೊಳಗೆ ಬೆಂಕಿ ಹಚ್ಚಲಾದೀತೆ? ಪ್ಲಾಸ್ಟಿಕ್ಕಿನ ಹಲಗಿ ಬಂದಿವೆ, ಬೋಲ್ಟು ತಿರುವಿದರೆ ಬಿಗಿಯಾಗುತ್ತವೆ, ಅದನ್ನೇ ತರೋಣ ಅಂದೆ. ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ಕಿಡಕಿ ಮುಚ್ಚಸಿದಿ, ಬಾಗಲಾ ಮುಚ್ಚಸಿದಿ. ಈಗ ಚರ್ಮಾನೂ ಬ್ಯಾಡಂತಿ. ಮುತ್ಯಾನ ಬಳಿ ಒಂದ ಉಳೀತೈತಿ, ಅದನ್ನೂ ಒಲಿಗೆ ಹಾಕಿಬಿಡು." ಇಷ್ಟಂದು ಹಲಗಿ ತಗೊಂಡು ಅಂಗಳಕ್ಕೆ ಹೋದಳು. ಮಳೆ ನಿಂತಿತ್ತು. ಅಪ್ಪ ಬಣವಿಯಿಲ್ಲದ ಈ ಲೇಔಟಿನಲ್ಲಿ ಎಲ್ಲಿಂದಲೋ ಒಂದು ಹಿಡಿ ಒಣ ಹುಲ್ಲು ಹಿಡಿದು ಬಂದ. ಮುತ್ಯಾ ಮೊಮ್ಮಗಳು ಬೆಂಕಿ ಹಚ್ಚಿದರು. ಅವಳು ತಟ್ಟುವುದು, ಅವನು ಚರ್ಮದ ಮೇಲೆ ಕೈಯಿಟ್ಟು ಸಾಲದೆಂದು ತಲೆಯಾಡಿಸುವುದು, ಮತ್ತೆ ಕಾಯಿಸುವುದು. ಕೊನೆಗೆ ಅವನು ಕೋಲು ಇಸಿದುಕೊಂಡ. ನಲವತ್ತು ವರ್ಷದ ಮೇಲೆ. ಎದುರಿನ ಮನೆಗಳ ಕಿಡಕಿ ಒಂದೊಂದೇ ತೆರೆದವು. ನಾನು ಗೇಟು ಹಾಕಲು ಎದ್ದವನು ಗೇಟಿನ ತನಕ ಹೋಗಿ ಹಾಕದೆ ಅಲ್ಲೇ ನಿಂತೆ. ಧೈರ್ಯದಿಂದ ನಿಂತೆ ಎಂದು ಬರೆಯಲಾರೆ. ಕಾಲು ನಡುಗುತ್ತಿದ್ದವು.

ಅಂದಿನಿಂದ ಮಗಳು ಅಂಗಳದಲ್ಲೇ ಬಾರಿಸುತ್ತಾಳೆ, ಸಂಜೆ ಐದರಿಂದ ಆರು. ಪಕ್ಕದ ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಕೋಣೆಯಲ್ಲಿ ಗೋವಿನಜೋಳದ ಚೀಲ ಇಟ್ಟೆವು.

ಮುಂದೆ ಫೆಬ್ರುವರಿಯಲ್ಲಿ ಮದುವೆ, ಜಾತ್ರೆ, ಧ್ವನಿವರ್ಧಕಗಳ ಸುಗ್ಗಿ. ಅವರ ಮಗನಿಗೆ ಪಿಯುಸಿ ಎರಡನೆಯ ವರ್ಷದ ಪರೀಕ್ಷೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ ಎಲ್ಲರಿಗೂ ಗೊತ್ತು, ಹೇಳಲು ಹೋಗುವವರಿಲ್ಲ. ದೇವರ ಸಪ್ಪಳಕ್ಕೆ ಡೆಸಿಬಲ್ ಇಲ್ಲ. ಒಂದು ಸಂಜೆ ಅವರು ಗೇಟಿನಲ್ಲಿ ಬಂದು ನಿಂತರು. "ಸರ, ನಿಮ್ಮ ಹಿಂದಿನ ಖೋಲ್ಯಾಗ ಹೊರಗಿನ ಸಪ್ಪಳ ಬರೂದಿಲ್ಲಂತಲ್ಲ. ಹುಡುಗ ಒಂದ ತಿಂಗಳ ಓದ್ಕೊಳ್ಳಲೇನ್ರಿ?" ಗೋಡೆಗೆ ಒಳಗು ಹೊರಗು ಎಂಬ ಭೇದವಿಲ್ಲ, ಎರಡೂ ಕಡೆಯಿಂದ ಅಷ್ಟೇ ತಡೆಯುತ್ತದೆ. ಗೋವಿನಜೋಳದ ಚೀಲ ತೆಗೆಸಿದೆ.

ಹುಡುಗ ದಿನಾ ಸಂಜೆ ಬಂದ. ಅವನು ಉಸುಕಿನ ಬಾಗಿಲು ಹಾಕಿಕೊಂಡು ಒಳಗೆ ಓದುವುದು, ನನ್ನ ಮಗಳು ಅಂಗಳದಲ್ಲಿ ಹಲಗಿ ಬಾರಿಸುವುದು. ಅವನಿಗೆ ಕೇಳಿಸುತ್ತಿರಲಿಲ್ಲ. ಪಾಸಾದ, ಒಳ್ಳೆಯ ಅಂಕ ಬಂದವು. ಅವರ ಮನೆಯವರು ಪೇಡೆ ತಂದುಕೊಟ್ಟರು. ಆ ಒಂದು ತಿಂಗಳೂ ಹುಡುಗ ಕುಡಿಯುವ ನೀರಿನ ಬಾಟಲಿಯನ್ನು ಮಾತ್ರ ತನ್ನ ಮನೆಯಿಂದಲೇ ತರುತ್ತಿದ್ದ.